ಆಡೋದು ಎಲ್ಲಿ, ದುಡ್ಡು ಯಾರಿಗೆ: ಅಮೆರಿಕದ ಕಾಲೇಜು ಫುಟ್‌ಬಾಲಿನ ಹಿಸ್ಸೆ ಲೆಕ್ಕ

2023ರ ಡಿಸೆಂಬರ್ 28ರಂದು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಒಂದು ಫುಟ್‌ಬಾಲ್ ಪಂದ್ಯ ಮುಗಿಯಿತು (ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್). ಕಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರು ನಾರ್ತ್ ಕ್ಯಾರೊಲೈನಾ ಸ್ಟೇಟ್ ತಂಡವನ್ನು 28–19ರಿಂದ ಸೋಲಿಸಿದ್ದರು. ಆಮೇಲೆ ಮೈದಾನದಲ್ಲಿಟ್ಟಿದ್ದ ದೈತ್ಯ ಟೋಸ್ಟರ್‌ನೊಳಕ್ಕೆ ತಿಂಡಿಯ ವೇಷ ತೊಟ್ಟ ಬೊಂಬೆಯೊಂದು ಸಂಭ್ರಮದಿಂದ ಇಳಿದುಹೋಯಿತು. ಕೆಳಗಿನ ಕಿಂಡಿಯಿಂದ ಹೊರಬಂದದ್ದು ನಿಜವಾಗಿ ತಿನ್ನಬಹುದಾದ, ಅಷ್ಟೇ ದೊಡ್ಡ ಜಾಮ್ ತುಂಬಿದ ತಿಂಡಿ. ಗೆದ್ದ ಹುಡುಗರು ಅದನ್ನು ಬರಿಗೈಯಲ್ಲಿ ಕಿತ್ತು ಕಿತ್ತು ತಿಂದರು. ಪಂದ್ಯದ ಹೆಸರು ಪಾಪ್-ಟಾರ್ಟ್ಸ್ ಬೌಲ್. ಪಾಪ್-ಟಾರ್ಟ್ಸ್ ಅನ್ನುವುದು ಆ ತಿಂಡಿಯ ಹೆಸರು, ಬೌಲ್ ಅಂದರೆ ಋತು ಮುಗಿದ ಮೇಲೆ ಎರಡು ತಂಡಗಳನ್ನು ಕರೆಸಿ ಆಡಿಸುವ ಒಂಟಿ ಪಂದ್ಯ. ಪ್ರಾಯೋಜಕರು ಯಾರು ಅಂತ ಬೇರೆ ಹೇಳಬೇಕಿಲ್ಲ.

ತಮಾಷೆ ಹಾಗಿರಲಿ. ಅಮೆರಿಕದ ನಡುಮಧ್ಯದ ಗೋಧಿ ಸೀಮೆಯ ತಂಡವೊಂದು, ಪೂರ್ವ ಕರಾವಳಿಯ ರಾಜ್ಯದ ತಂಡವೊಂದು, ಇಬ್ಬರೂ ತಮ್ಮದಲ್ಲದ ಊರಿಗೆ ಹೋಗಿ ಯಾಕೆ ಆಡಿದವು? ಅವು ಸಮಬಲದವು ಎಂದೇ? ಲೀಗಿನ ಪಟ್ಟಿಯಲ್ಲಿ ಹಾಗೆ ಬಂತೆಂದೇ? ಎರಡೂ ಅಲ್ಲ. ಒರ್ಲ್ಯಾಂಡೊದ ಆ ಬೌಲ್ ಸಮಿತಿಗೂ ಬಿಗ್ ಟ್ವೆಲ್ವ್ ಎಂಬ ಕಾನ್ಫರೆನ್ಸಿಗೂ ಒಂದು ಕರಾರಿತ್ತು, ಎಸಿಸಿ ಎಂಬ ಇನ್ನೊಂದು ಕಾನ್ಫರೆನ್ಸಿನ ಜೊತೆಗೂ ಅಂಥದ್ದೇ ಒಂದು. ‘ನಿಮ್ಮ ಕಡೆಯಿಂದ ಒಂದು, ನಿಮ್ಮ ಕಡೆಯಿಂದ ಒಂದು’ ಎಂದು ವರ್ಷಗಳ ಮುಂಚೆಯೇ ಮಾತಾಗಿರುತ್ತದೆ. ಯಾವ ತಂಡ ಅನ್ನುವುದು ಮಾತ್ರ ಡಿಸೆಂಬರಿನಲ್ಲಿ ತುಂಬುವ ಖಾಲಿ ಜಾಗ.

ಕಾನ್ಫರೆನ್ಸ್ ಅಂದರೆ ನಿಘಂಟು ‘ಸಮ್ಮೇಳನ’ ಅನ್ನುತ್ತದೆ, ಇಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ಇದು ಹತ್ತಿಪ್ಪತ್ತು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಒಕ್ಕೂಟ. ತಮ್ಮೊಳಗೇ ಪಂದ್ಯ ಆಡುತ್ತವೆ, ಟಿವಿ ಹಕ್ಕನ್ನು ಒಟ್ಟಾಗಿ ಮಾರುತ್ತವೆ, ಬಂದದ್ದನ್ನು ಹಂಚಿಕೊಳ್ಳುತ್ತವೆ. ನಮ್ಮ ಕಡೆಯ ಒಟ್ಟು ಕುಟುಂಬವನ್ನು ಮನಸ್ಸಿಗೆ ತಂದುಕೊಂಡರೆ ಸಲೀಸು: ಒಂದೇ ಒಲೆ, ಒಂದೇ ಗಲ್ಲಾಪೆಟ್ಟಿಗೆ, ದುಡಿಯುವವನೂ ಉಣ್ಣುವವನೂ ಒಂದೇ ಪಂಕ್ತಿ. ಜಗಳ ಯಾವ ವಿಷಯಕ್ಕೆ ಬರುತ್ತದೆ ಅನ್ನುವುದನ್ನೂ ಈಗಲೇ ಊಹಿಸಬಹುದು.

ಹೊರಗಿನವರಿಗೆ ಮೊದಲು ಬೆರಗಾಗುವ ಸಂಗತಿ ಬೇರೆಯೇ ಇದೆ. ಕಾಲೇಜು ಕ್ರೀಡೆಗಳ ಮೇಲ್ವಿಚಾರಣೆಗೆ ಅಮೆರಿಕದಲ್ಲಿ ಎನ್‌ಸಿಎಎ ಎಂಬ ದೊಡ್ಡ ಸಂಸ್ಥೆಯಿದೆ. ಬ್ಯಾಸ್ಕೆಟ್‌ಬಾಲ್, ಈಜು, ಓಟ ಎಲ್ಲದರ ರಾಷ್ಟ್ರೀಯ ಟೂರ್ನಿ ಅದರದು. ಆದರೆ ಅತಿ ಹೆಚ್ಚು ದುಡ್ಡು ಓಡಾಡುವ ಮೇಲ್ದರ್ಜೆಯ ಫುಟ್‌ಬಾಲಿನ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಟೂರ್ನಿ ಅದರ ಕೈಯಲ್ಲಿಲ್ಲ. ಕಾನ್ಫರೆನ್ಸ್‌ಗಳೇ ಅದನ್ನು ಕಟ್ಟಿಕೊಂಡಿವೆ, ದುಡ್ಡೂ ನೇರ ಅವಕ್ಕೇ. ಬೌಲ್ ಪಂದ್ಯಗಳಂತೂ ಹುಟ್ಟಿದ್ದೇ ಬೇರೆ ಕಡೆ.

ಹುಟ್ಟಿದ್ದು ಹೂವಿನ ಮೆರವಣಿಗೆಯಲ್ಲಿ. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಹೊಸವರ್ಷದ ದಿನ ಗುಲಾಬಿ ಉತ್ಸವ ನಡೆಯುತ್ತಿತ್ತು. ಹಿಮದಲ್ಲಿ ಮುದುಡಿದ ಪೂರ್ವದ ಜನ ಜನವರಿಯಲ್ಲೂ ಬಿಸಿಲಿರುವ ತಮ್ಮ ಊರಿಗೆ ಬರಲಿ ಅನ್ನುವ ಆಸೆ ಅಲ್ಲಿಯವರದು. 1902ರಲ್ಲಿ ಮೆರವಣಿಗೆಯ ಜೊತೆ ಒಂದು ಫುಟ್‌ಬಾಲ್ ಪಂದ್ಯವನ್ನೂ ಇಟ್ಟರು. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡನ್ನು 49–0ರಿಂದ ಬಡಿದುಹಾಕಿತು. ಪಂದ್ಯ ಎಷ್ಟು ಏಕಪಕ್ಷೀಯವಾಗಿತ್ತೆಂದರೆ ಮುಂದಿನ ಹಲವು ವರ್ಷ ಫುಟ್‌ಬಾಲ್ ಬಿಟ್ಟು ರಥದ ಓಟ ಮುಂತಾದ್ದನ್ನು ನಡೆಸಿದರು. ಫುಟ್‌ಬಾಲ್ ಮರಳಿದ್ದು 1916ರಲ್ಲಿ. 1922ರಲ್ಲಿ ಅಲ್ಲೊಂದು ಕ್ರೀಡಾಂಗಣ ಕಟ್ಟಿದರು, ಬೋಗುಣಿಯ ಆಕಾರದ್ದು, ಹೆಸರು ರೋಸ್ ಬೌಲ್. ಕ್ರೀಡಾಂಗಣದ ಹೆಸರು ಪಂದ್ಯಕ್ಕೆ ಅಂಟಿತು. ಇದನ್ನು ಕಂಡ ಮಯಾಮಿಯವರು ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನವರು ಶುಗರ್ ಬೌಲ್, ಎಲ್ ಪಾಸೊದವರು ಸನ್ ಬೌಲ್ ಶುರುಮಾಡಿದರು. ಆಮೇಲೆ ಡಲ್ಲಸ್‌ನ ಕಾಟನ್ ಬೌಲ್. ಎಲ್ಲ ಬೆಚ್ಚಗಿನ ಊರುಗಳು, ಎಲ್ಲಕ್ಕೂ ಹೋಟೆಲ್ ಕೋಣೆಗಳು ತುಂಬಬೇಕಿತ್ತು.

ಈ ಮೂಲವನ್ನು ಮರೆತರೆ ಬೌಲ್ ಆಯ್ಕೆ ಯಾವತ್ತೂ ಅರ್ಥವಾಗದು. ಬೌಲ್ ಸಮಿತಿಗೆ ಬೇಕಾದದ್ದು ಅತ್ಯುತ್ತಮ ತಂಡವೇ ಆಗಬೇಕೆಂದಿಲ್ಲ. ತನ್ನ ಬೆನ್ನ ಹಿಂದೆ ಮೂವತ್ತು ಸಾವಿರ ಜನರನ್ನು ಕರೆತಂದು ನಾಲ್ಕು ದಿನ ಊರಲ್ಲಿ ಉಣ್ಣಿಸಿ ತಿರುಗಾಡಿಸುವ ತಂಡ. ಈಗ ಅದಕ್ಕೆ ಟಿವಿ ಮುಂದೆ ಕೂರಿಸುವ ತಂಡ ಎಂದೂ ಸೇರಿಸಿಕೊಳ್ಳಿ. ಇಎಸ್‌ಪಿಎನ್ ಸಂಸ್ಥೆ ಪ್ರಸಾರ ಮಾಡುವುದಷ್ಟೇ ಅಲ್ಲ, ಹತ್ತಕ್ಕೂ ಹೆಚ್ಚು ಬೌಲ್‌ಗಳನ್ನು ತಾನೇ ಇಟ್ಟುಕೊಂಡು ನಡೆಸುತ್ತದೆ. ಕ್ರಿಸ್‌ಮಸ್ ವಾರದಲ್ಲಿ ಮಂಗಳವಾರ ಮಧ್ಯಾಹ್ನವೂ ಟಿವಿಯಲ್ಲಿ ಒಂದು ಪಂದ್ಯ ಇರುವುದರ ಗುಟ್ಟು ಅದು.

ಹಿಂದಿನ ಕಾಲದಲ್ಲಿ ಆಯ್ಕೆ ಕಣ್ಣಳತೆಯಲ್ಲೇ ನಡೆಯುತ್ತಿತ್ತು. ಬಣ್ಣದ ಕೋಟು ತೊಟ್ಟ ಬೌಲ್ ಪ್ರತಿನಿಧಿಗಳು ನವೆಂಬರ್ ತಿಂಗಳಿಡೀ ಕ್ಯಾಂಪಸ್‌ಗಳಿಗೆ ಹೋಗಿ ಪಂದ್ಯ ನೋಡುತ್ತಿದ್ದರು, ಹೆಣ್ಣು ನೋಡಲು ಬಂದವರಂತೆ. ಒಳ್ಳೆಯ ಸಂಬಂಧ ಕೈತಪ್ಪೀತು ಅಂತ ಋತು ಮುಗಿಯುವ ಮೊದಲೇ ಮಾತು ಕೊಟ್ಟು ಮುಗಿಸುತ್ತಿದ್ದದ್ದೂ ಉಂಟು. ಆಮೇಲೆ ಆ ತಂಡ ಸಾಲಾಗಿ ಸೋತರೆ ನುಂಗಿಕೊಳ್ಳಬೇಕು. ರೋಸ್ ಬೌಲ್ ಮಾತ್ರ 1946ರಲ್ಲೇ ಬಿಗ್ ಟೆನ್ ಹಾಗೂ ಪಶ್ಚಿಮ ಕರಾವಳಿಯ ಕಾನ್ಫರೆನ್ಸಿನ ಜೊತೆ ಕರಾರು ಮಾಡಿಕೊಂಡಿತ್ತು. ಇದರ ಅಡ್ಡಪರಿಣಾಮ ಏನೆಂದರೆ, ದೇಶದ ಒಂದನೇ ಹಾಗೂ ಎರಡನೇ ತಂಡಗಳು ಬೇರೆ ಬೇರೆ ಬೌಲ್‌ಗಳಿಗೆ ಕಟ್ಟುಬಿದ್ದು ಪರಸ್ಪರ ಆಡುತ್ತಲೇ ಇರಲಿಲ್ಲ. ಚಾಂಪಿಯನ್ ಯಾರೆಂದು ಪತ್ರಕರ್ತರೂ ಕೋಚ್‌ಗಳೂ ಮತ ಹಾಕಿ ಹೇಳುತ್ತಿದ್ದರು. 1990ರಲ್ಲಿ ಪತ್ರಕರ್ತರು ಕೊಲರಾಡೊ ಅಂದರು, ಕೋಚ್‌ಗಳು ಜಾರ್ಜಿಯಾ ಟೆಕ್ ಅಂದರು. ಮರುವರ್ಷ ಮಯಾಮಿ, ವಾಷಿಂಗ್ಟನ್. ಈ ಇಬ್ಬಂದಿಯಿಂದ ಪಾರಾಗಲು 1992ರಿಂದ ಒಂದರ ಮೇಲೊಂದು ಏರ್ಪಾಡು ಮಾಡಿಕೊಂಡು, 1998ರಲ್ಲಿ ಬಿಸಿಎಸ್ (ಒಂದನೇ, ಎರಡನೇ ತಂಡಗಳನ್ನು ಎದುರುಬದುರು ನಿಲ್ಲಿಸುವ ಏರ್ಪಾಡು), 2014ರ ಋತುವಿನಿಂದ ನಾಲ್ಕು ತಂಡಗಳ ಪ್ಲೇಆಫ್ (ಸೋತವರು ಹೊರಬೀಳುವ ಟೂರ್ನಿ), 2024ರ ಋತುವಿನಿಂದ ಹನ್ನೆರಡು ತಂಡಗಳ ಪ್ಲೇಆಫ್ ಬಂತು.

ಹೀಗಾಗಿ ಈಗ ಎರಡು ಲೋಕಗಳಿವೆ. ಮೇಲಿನದು ಪ್ಲೇಆಫ್. ಹದಿಮೂರು ಜನರ ಸಮಿತಿಯೊಂದು ನವೆಂಬರಿನಿಂದ ಟೆಕ್ಸಸ್‌ನ ಹೋಟೆಲೊಂದರಲ್ಲಿ ಕೂತು ಶ್ರೇಯಾಂಕ ಕೊಡುತ್ತದೆ. ತಮ್ಮ ವಿಶ್ವವಿದ್ಯಾಲಯದ ಚರ್ಚೆ ಬಂದಾಗ ಸದಸ್ಯರು ಕೋಣೆಯಿಂದ ಎದ್ದು ಹೊರಗೆ ಹೋಗಬೇಕು. ಡಿಸೆಂಬರಿನ ಮೊದಲ ವಾರದ ಭಾನುವಾರ ಅಂತಿಮ ಪಟ್ಟಿ. ಐದು ಕಾನ್ಫರೆನ್ಸ್ ಚಾಂಪಿಯನ್‌ಗಳಿಗೆ ಖಾತರಿ ಜಾಗ, ಉಳಿದ ಏಳು ಮುಕ್ತ ಅನ್ನುವುದು 2024ರ ನಿಯಮ. ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್ ಎಂಬ ಆರು ದೊಡ್ಡ ಬೌಲ್‌ಗಳು ಇದರ ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳಾಗಿ ಬದಲಾಗಿವೆ.

ಕೆಳಗಿನ ಲೋಕದಲ್ಲಿ ಮೂವತ್ತಕ್ಕೂ ಹೆಚ್ಚು ಬೌಲ್‌ಗಳು. ಪಾಪ್-ಟಾರ್ಟ್ಸ್ ಇಲ್ಲಿಯದು. ಹನ್ನೆರಡು ಪಂದ್ಯಗಳಲ್ಲಿ ಆರು ಗೆದ್ದರೆ ಸಾಕು, ಅರ್ಹತೆ ಸಿಕ್ಕಿತು. ಪ್ರತಿ ಕಾನ್ಫರೆನ್ಸಿಗೂ ತನ್ನದೇ ಬೌಲ್‌ಗಳ ಸಾಲಿದೆ. ಎಸ್‌ಇಸಿ ಎಂಬ ದಕ್ಷಿಣದ ಬಲಾಢ್ಯ ಕಾನ್ಫರೆನ್ಸನ್ನೇ ತಗೊಳ್ಳಿ: ಪ್ಲೇಆಫ್‌ಗೆ ಹೋದವರನ್ನು ಬಿಟ್ಟು ಮೊದಲ ಆಯ್ಕೆ ಸಿಟ್ರಸ್ ಬೌಲ್‌ನದು. ಅದಾದ ಮೇಲೆ ಟಂಪಾ, ನ್ಯಾಶ್‌ವಿಲ್, ಮೆಂಫಿಸ್, ಹ್ಯೂಸ್ಟನ್ ಮುಂತಾದ ಊರುಗಳ ಆರು ಬೌಲ್‌ಗಳನ್ನು ಒಂದೇ ಗುಂಪು ಅಂತ ಇಟ್ಟಿದ್ದಾರೆ, ಅವುಗಳಲ್ಲಿ ಮೇಲುಕೀಳಿಲ್ಲ. ಬೌಲ್‌ಗಳು ‘ನಮಗೆ ಇವರು ಬೇಕು’ ಅನ್ನುತ್ತವೆ, ವಿಶ್ವವಿದ್ಯಾಲಯಗಳು ‘ನಾವು ಅಲ್ಲಿಗೆ ಹೋಗುತ್ತೇವೆ’ ಅನ್ನುತ್ತವೆ, ಕೊನೆಗೆ ಯಾರು ಎಲ್ಲಿಗೆ ಅಂತ ಹೇಳುವುದು ಕಾನ್ಫರೆನ್ಸಿನ ಕಚೇರಿ. ಹೋದ ವರ್ಷ ಹೋದ ಊರಿಗೇ ಮತ್ತೆ ಕಳಿಸುವುದು ಬೇಡ, ಋತುವಿನಲ್ಲಿ ಆಗಲೇ ಆಡಿದ ಎದುರಾಳಿಯೇ ಮತ್ತೆ ಬೇಡ, ಅಭಿಮಾನಿಗಳು ಕಾರು ಓಡಿಸಿಕೊಂಡು ಹೋಗುವಷ್ಟು ದೂರವಿದ್ದರೆ ಒಳ್ಳೆಯದು. ಮದುವೆ ಮನೆಯಲ್ಲಿ ಯಾರನ್ನು ಯಾವ ಪಂಕ್ತಿಗೆ ಕೂರಿಸಬೇಕು ಎಂದು ತಲೆಕೆಡಿಸಿಕೊಳ್ಳುವ ಸೋದರಮಾವನ ಕೆಲಸವಿದು. ಒಂಬತ್ತು ಪಂದ್ಯ ಗೆದ್ದವರನ್ನು ದಾಟಿ ಏಳು ಗೆದ್ದವರು ಒಳ್ಳೆಯ ಬೌಲ್‌ಗೆ ಹೋಗಬಹುದು. ಅದರಲ್ಲಿ ನಿಯಮಭಂಗ ಏನೂ ಇಲ್ಲ.

ಜಾಗ ಹೆಚ್ಚು, ಅರ್ಹರು ಕಡಿಮೆ ಎನ್ನುವ ವರ್ಷವೂ ಬರುತ್ತದೆ. 2023ರಲ್ಲಿ ಆ ದರ್ಜೆಯ 133 ತಂಡಗಳಲ್ಲಿ 82 ತಂಡಗಳಿಗೆ ಬೌಲ್ ಭಾಗ್ಯ ಸಿಕ್ಕಿತು. ಅರ್ಹರು ಸಾಲದೆ ಐದು ಗೆದ್ದು ಏಳು ಸೋತಿದ್ದ ಮಿನ್ನೆಸೋಟವನ್ನು ಕರೆದರು. ಯಾವ ಆಧಾರದ ಮೇಲೆ ಗೊತ್ತೇ? ಆಟಗಾರರ ಓದಿನ ಅಂಕದ ಮೇಲೆ. ಇಂಥ ಖಾಲಿ ಜಾಗಕ್ಕೆ ತಂಡಗಳನ್ನು ಸಾಲುಹಚ್ಚುವುದು ಶೈಕ್ಷಣಿಕ ಪ್ರಗತಿಯ ಸೂಚ್ಯಂಕ ನೋಡಿ. ಇಡೀ ವ್ಯವಸ್ಥೆಯಲ್ಲಿ ‘ಕಾಲೇಜು’ ಅನ್ನುವ ಪದಕ್ಕೆ ನಿಜವಾದ ಬೆಲೆ ಬರುವ ಗಳಿಗೆ ಇದೊಂದೇ ಇರಬೇಕು. ಮಿನ್ನೆಸೋಟ ಹೋಗಿ ಗೆದ್ದೇ ಬಂತು ಅನ್ನಿ.

ತಮಾಷೆಯ ಇನ್ನೊಂದು ಪ್ರಸಂಗ 2024ರ ಅಲಾಮೊ ಬೌಲ್. ಇದು ಬಿಗ್ ಟ್ವೆಲ್ವ್‌ಗೂ ಪ್ಯಾಕ್-ಟ್ವೆಲ್ವ್‌ಗೂ ಆಗಬೇಕಾದ ಪಂದ್ಯ. ಆದರೆ ಪಶ್ಚಿಮದ ಪ್ಯಾಕ್-ಟ್ವೆಲ್ವ್ ಕಾನ್ಫರೆನ್ಸ್ ಅಷ್ಟರಲ್ಲಿ ಒಡೆದುಹೋಗಿತ್ತು: ಹನ್ನೆರಡರಲ್ಲಿ ಹತ್ತು ಮಂದಿ ಬೇರೆ ಮನೆ ಸೇರಿ, ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಇಬ್ಬರೇ ಹಳೇ ಮನೆಯಲ್ಲಿ ಉಳಿದಿದ್ದರು. ಕರಾರಿಗೆ ಮಾತ್ರ ಇನ್ನೂ ಜೀವವಿತ್ತು. ಆದ್ದರಿಂದ ಬಿಟ್ಟುಹೋದವರೂ ಬೌಲ್ ಮಟ್ಟಿಗೆ ಹಳೇ ಮನೆಯ ಲೆಕ್ಕದಲ್ಲೇ ಹೋಗಬೇಕು ಅಂತಾಯಿತು. ಬಿಗ್ ಟ್ವೆಲ್ವ್ ಸೇರಿದ್ದ ಕೊಲರಾಡೊ, ತವರುಮನೆಯ ಕೋಟಾದಲ್ಲಿ ಅಲಾಮೊ ಬೌಲ್‌ಗೆ ಬಂತು. ಎದುರಿಗೆ ನಿಂತದ್ದು ಬಿಗ್ ಟ್ವೆಲ್ವ್‌ನದೇ ಆದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ. ಎರಡು ಕಾನ್ಫರೆನ್ಸ್‌ಗಳ ನಡುವಿನ ಪಂದ್ಯ ಎಂದು ಬರೆದಿಟ್ಟದ್ದರಲ್ಲಿ ಆಡಿದ್ದು ಒಂದೇ ಮನೆಯ ಇಬ್ಬರು.

ಇನ್ನು ದುಡ್ಡು. ಬೌಲ್ ಸಮಿತಿ ಕೊಡುವ ಹಣ ಆಡಿದ ತಂಡದ ಕೈಗೆ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹೋಗುವುದಿಲ್ಲ. ಅದು ಕಾನ್ಫರೆನ್ಸಿನ ಗಲ್ಲಾಪೆಟ್ಟಿಗೆಗೆ. ಆಡಿದವರಿಗೆ ಪ್ರಯಾಣ, ಊಟ, ವಸತಿಗೆಂದು ಒಂದು ಮೊತ್ತ ತೆಗೆದಿಟ್ಟು ಉಳಿದದ್ದನ್ನು ಆಡದೆ ಮನೆಯಲ್ಲಿ ಕೂತವರಿಗೂ ಸೇರಿಸಿ ಹಂಚುವುದು ದೊಡ್ಡ ಕಾನ್ಫರೆನ್ಸ್‌ಗಳ ಹಳೆಯ ರೂಢಿ.

ಈ ರೂಢಿಯ ಮುಳ್ಳು ಚುಚ್ಚಿದ್ದನ್ನು ನೋಡಬೇಕಾದರೆ 2011ರ ಹೊಸವರ್ಷದ ದಿನದ ಫಿಯೆಸ್ಟಾ ಬೌಲ್‌ಗೆ ಹೋಗಬೇಕು. ಬಿಗ್ ಈಸ್ಟ್ ಕಾನ್ಫರೆನ್ಸಿನ ಚಾಂಪಿಯನ್ ಆಗಿ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಅಷ್ಟು ದೊಡ್ಡ ಬೌಲ್ ಸಿಕ್ಕಿದ್ದು ಅದೇ ಮೊದಲು. ಪಂದ್ಯ ಇದ್ದದ್ದು ದೇಶದ ಇನ್ನೊಂದು ತುದಿಯ ಅರಿಜೋನಾ ಮರುಭೂಮಿಯಲ್ಲಿ. ಕರಾರಿನ ಪ್ರಕಾರ ವಿಶ್ವವಿದ್ಯಾಲಯವೇ 17,500 ಟಿಕೆಟ್ ಪೂರ್ಣ ಬೆಲೆಗೆ ಕೊಂಡು ತನ್ನ ಜನರಿಗೆ ಮಾರಿಕೊಳ್ಳಬೇಕು. ಅಭಿಮಾನಿಗಳು ಜಾಣರು, ಅದೇ ಪಂದ್ಯದ ಟಿಕೆಟ್ ಅಂತರ್ಜಾಲದ ಮರುಮಾರಾಟದಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ವಿಶ್ವವಿದ್ಯಾಲಯದ ಬಳಿ ಸಾವಿರಗಟ್ಟಲೆ ಟಿಕೆಟ್ ಕೊಳೆತವು. ತಂಡ, ಬ್ಯಾಂಡ್‌ನವರು, ಅಧಿಕಾರಿಗಳು ಎಲ್ಲರ ವಿಮಾನ, ಹೋಟೆಲ್ ಖರ್ಚು ಬೇರೆ. ಮೈದಾನದಲ್ಲಿ ಓಕ್ಲಹೋಮ 48–20ರಿಂದ ಸೋಲಿಸಿತು, ಲೆಕ್ಕದ ಪುಸ್ತಕದಲ್ಲಿ 16 ಲಕ್ಷ ಡಾಲರಿಗೂ ಮೀರಿ ಕೈಕಚ್ಚಿತು. ಅದೇ ಬೌಲ್‌ನ ಹಣದಲ್ಲಿ ಬಿಗ್ ಈಸ್ಟಿನ ಉಳಿದ ತಂಡಗಳು ತಮ್ಮ ಪಾಲು ತೆಗೆದುಕೊಂಡವು. ಹಬ್ಬ ಮಾಡಿದವನಿಗೆ ಸಾಲ, ಊಟಕ್ಕೆ ಬಂದವನಿಗೆ ದಕ್ಷಿಣೆ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯ ಒಳಗನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಸಂಗ ಮತ್ತೊಂದಿಲ್ಲ.

ಹಾಗಾದರೆ ಸಮಪಾಲು ತಪ್ಪೇ? ಅಷ್ಟು ಸಲೀಸಾಗಿ ಹೇಳಲಾರೆ. ಪ್ಲೇಆಫಿನ ಲೆಕ್ಕ ಹಾಕಿ ನೋಡೋಣ. 2024ರ ಋತುವಿನಲ್ಲಿ ಪ್ಲೇಆಫ್‌ಗೆ ಬಂದ ಪ್ರತಿ ತಂಡದ ಹೆಸರಿನಲ್ಲಿ ಅದರ ಕಾನ್ಫರೆನ್ಸಿಗೆ 40 ಲಕ್ಷ ಡಾಲರ್. ಕ್ವಾರ್ಟರ್‌ಫೈನಲ್‌ಗೆ ಮತ್ತೆ 40 ಲಕ್ಷ, ಸೆಮಿಫೈನಲ್‌ಗೆ 60 ಲಕ್ಷ, ಫೈನಲ್‌ಗೆ 60 ಲಕ್ಷ. ಪ್ರತಿ ಸುತ್ತಿನ ಖರ್ಚಿಗೆ 30 ಲಕ್ಷ ಬೇರೆ. ಬಿಗ್ ಟೆನ್‌ನಿಂದ ನಾಲ್ಕು ತಂಡ ಹೋದವು: ಒಹಾಯೊ ಸ್ಟೇಟ್ ಕಪ್ ಗೆದ್ದು 2 ಕೋಟಿ ತಂದಿತು, ಪೆನ್ ಸ್ಟೇಟ್ ಸೆಮಿಫೈನಲ್ ಮುಟ್ಟಿ 1.4 ಕೋಟಿ, ಆರೆಗನ್ 80 ಲಕ್ಷ, ಇಂಡಿಯಾನ 40 ಲಕ್ಷ. ಒಟ್ಟು 4.6 ಕೋಟಿ ಡಾಲರ್. ಹೆಸರಿಗೆ ಹತ್ತಾದರೂ ಮನೆಯಲ್ಲಿ ಈಗ ಹದಿನೆಂಟು ಸದಸ್ಯರು. ಸಮನಾಗಿ ಭಾಗಿಸಿದರೆ ತಲಾ ಸುಮಾರು 25 ಲಕ್ಷ. ಆ ವರ್ಷ ಹನ್ನೆರಡರಲ್ಲಿ ಹನ್ನೊಂದು ಸೋತ ಪರ್ಡ್ಯೂ ಕೂಡ ಈ ಹದಿನೆಂಟರಲ್ಲಿ ಒಂದು.

ಫೈನಲ್‌ನಲ್ಲಿ ಸೋತ ನೋಟರ್ ಡೇಮ್ ಕಥೆ ಬೇರೆ. ಅದು ಫುಟ್‌ಬಾಲಿನಲ್ಲಿ ಯಾವ ಕಾನ್ಫರೆನ್ಸಿಗೂ ಸೇರಿಲ್ಲ, ಒಂಟಿ ಮನೆ. ಕಪ್ ಸೋತು 2 ಕೋಟಿ ಡಾಲರ್ ಪೂರ್ತಿ ತಾನೇ ಇಟ್ಟುಕೊಂಡಿತು. ಗೆದ್ದ ಒಹಾಯೊ ಸ್ಟೇಟ್ ಹದಿನೆಂಟು ಪಾಲು ಮಾಡಿತು. ಆದರೂ ಒಹಾಯೊ ಸ್ಟೇಟ್ ಮನೆ ಬಿಟ್ಟು ಹೋಗುವ ಮಾತಾಡುವುದಿಲ್ಲ, ಯಾಕೆಂದರೆ ಬೌಲ್ ದುಡ್ಡು ಇಲ್ಲಿ ಉಪ್ಪಿನಕಾಯಿಯಷ್ಟೆ. ಅನ್ನ ಅಂದರೆ ಟಿವಿ. 2023–24ರ ಹಣಕಾಸು ವರ್ಷದಲ್ಲಿ ಎಸ್‌ಇಸಿ ಹಂಚಿದ ಒಟ್ಟು ಮೊತ್ತ 80.84 ಕೋಟಿ ಡಾಲರ್, ಪೂರ್ಣ ಸದಸ್ಯರಿಗೆ ಸರಾಸರಿ 5.25 ಕೋಟಿ.

ಈ ಟಿವಿ ಅನ್ನ ಬಂದದ್ದು 1984ರಲ್ಲಿ, ಸುಪ್ರೀಂ ಕೋರ್ಟಿನಿಂದ. ಅಲ್ಲಿಯವರೆಗೆ ಯಾರ ಪಂದ್ಯ ಎಷ್ಟು ಸಲ ಪ್ರಸಾರವಾಗಬೇಕೆಂದು ಎನ್‌ಸಿಎಎ ಹೇಳುತ್ತಿತ್ತು. ಓಕ್ಲಹೋಮ, ಜಾರ್ಜಿಯಾ ವಿಶ್ವವಿದ್ಯಾಲಯಗಳು ದಾವೆ ಹೂಡಿ 7–2ರ ತೀರ್ಪಿನಲ್ಲಿ ಗೆದ್ದವು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಯುವಕನಾಗಿದ್ದಾಗ ಕೊಲರಾಡೊ ತಂಡದ ಹೆಸರಾಂತ ಆಟಗಾರ, 1938ರ ಕಾಟನ್ ಬೌಲ್‌ನಲ್ಲಿ ಆಡಿದವರು. ಪೀಠದಲ್ಲಿದ್ದವರಲ್ಲಿ ಈ ಆಟದ ಒಳಹೊರಗು ಬಲ್ಲವರೇ ಬೇಡ ಅಂದರು, ಉಳಿದವರು ಬೇಲಿ ತೆಗೆದರು. ಆಮೇಲೆ ಪ್ರತಿ ಕಾನ್ಫರೆನ್ಸೂ ತನ್ನ ಹಕ್ಕು ತಾನೇ ಮಾರತೊಡಗಿತು.

ಗಲ್ಲಾಪೆಟ್ಟಿಗೆ ದೊಡ್ಡದಾದಂತೆ ಹಿಸ್ಸೆಯ ಮಾತು ಶುರು. 2023ರಲ್ಲಿ ಫ್ಲಾರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದು ಎಸಿಸಿ ಚಾಂಪಿಯನ್ ಆಗಿದ್ದರೂ ನಾಲ್ಕರ ಪ್ಲೇಆಫ್‌ನಿಂದ ಹೊರಗುಳಿಯಿತು. ಒಂದು ಸೋಲಿದ್ದ ಅಲಬಾಮ ಒಳಗೆ ಹೋಯಿತು. ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಗಾಯಗೊಂಡು ಹೊರಬಿದ್ದ ಮೇಲೆ ಫ್ಲಾರಿಡಾ ಸ್ಟೇಟ್ ತಂಡ ಮೊದಲಿನದಲ್ಲ ಅನ್ನುವುದು ಸಮಿತಿಯ ವಾದ. ಸಮಾಧಾನಕ್ಕೆ ಸಿಕ್ಕಿದ್ದು ಆರೆಂಜ್ ಬೌಲ್. ಅಷ್ಟರಲ್ಲಿ ಹತ್ತಾರು ಆಟಗಾರರು ಹಿಂದೆ ಸರಿದಿದ್ದರು, ಜಾರ್ಜಿಯಾ 63–3ರಿಂದ ಮಣ್ಣುಮುಕ್ಕಿಸಿತು. ಅದೇ ಡಿಸೆಂಬರಿನಲ್ಲಿ ಫ್ಲಾರಿಡಾ ಸ್ಟೇಟ್ ತನ್ನ ಕಾನ್ಫರೆನ್ಸಿನ ಮೇಲೆಯೇ ಕೋರ್ಟಿಗೆ ಹೋಯಿತು. ದುಡಿಯುವ ಮಗ ಕೇಳುವುದನ್ನೇ ಅದೂ ಕೇಳಿತು: ಟಿವಿಯಲ್ಲಿ ಜನ ನೋಡುವುದು ನಮ್ಮನ್ನು, ಪಾಲು ಮಾತ್ರ ಎಲ್ಲರಿಗೂ ಒಂದೇ ಯಾಕೆ? ಕ್ಲೆಮ್ಸನ್ ಕೂಡ ಹಿಂದೆಯೇ ದಾವೆ ಹೂಡಿತು. 2025ರ ಮಾರ್ಚ್‌ನಲ್ಲಿ ರಾಜಿ. ಟಿವಿ ಹಣದಲ್ಲಿ ಶೇ 40 ಸಮಪಾಲು, ಶೇ 60 ವೀಕ್ಷಕರ ಸಂಖ್ಯೆಯ ಮೇಲೆ. ಬೌಲ್, ಪ್ಲೇಆಫ್‌ಗಳ ದುಡ್ಡಿನಲ್ಲಿ ದುಡಿದವರಿಗೇ ಹೆಚ್ಚಿನ ಪಾಲು ಅನ್ನುವ ಪದ್ಧತಿ ಎಸಿಸಿಯಲ್ಲಿ ಅದಕ್ಕೂ ಮುಂಚೆ, 2024ರಿಂದಲೇ ಬಂದಿತ್ತು.

ಅದೇ ಎಸಿಸಿಗೆ 2024ರಲ್ಲಿ ಡಲ್ಲಸ್‌ನ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ಸೇರಿದ್ದು ಒಂಬತ್ತು ವರ್ಷ ಟಿವಿ ಪಾಲು ಬೇಡ ಎಂಬ ಷರತ್ತಿಗೆ ಒಪ್ಪಿ. ಮನೆಯಳಿಯನಾಗಿ ಬರುತ್ತೇನೆ, ಆಸ್ತಿ ಕೇಳುವುದಿಲ್ಲ ಅಂದಹಾಗೆ. ಸೇರಿದ ಮೊದಲ ವರ್ಷವೇ ಅದು ಪ್ಲೇಆಫ್‌ಗೆ ಹೋಯಿತು.

ಕಾನ್ಫರೆನ್ಸ್‌ಗಳ ನಡುವಿನ ಹಿಸ್ಸೆಯಲ್ಲಿ ಸಮಪಾಲಿನ ನಾಚಿಕೆಯೂ ಉಳಿದಿಲ್ಲ. 2024ರಲ್ಲಿ ಇಎಸ್‌ಪಿಎನ್ ಆರು ವರ್ಷಕ್ಕೆ 780 ಕೋಟಿ ಡಾಲರ್‌ನ ಪ್ಲೇಆಫ್ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ 130 ಕೋಟಿ. 2026ರಿಂದ ಇದರಲ್ಲಿ ಬಿಗ್ ಟೆನ್, ಎಸ್‌ಇಸಿಗಳಿಗೆ ತಲಾ ಶೇ 29ರಷ್ಟು, ಎಸಿಸಿಗೆ ಶೇ 17ರಷ್ಟು, ಬಿಗ್ ಟ್ವೆಲ್ವ್‌ಗೆ ಶೇ 15ರಷ್ಟು. ಉಳಿದ ಅರವತ್ತಕ್ಕೂ ಮೇಲ್ಪಟ್ಟ ಸಣ್ಣ ತಂಡಗಳಿಗೆಲ್ಲ ಸೇರಿ ಶೇ 9ರ ಆಸುಪಾಸು. ಈ ಲೆಕ್ಕದಲ್ಲಿ ಬಿಗ್ ಟೆನ್‌ನ ಒಂದು ತಂಡಕ್ಕೆ ವರ್ಷಕ್ಕೆ 2 ಕೋಟಿ ಡಾಲರಿಗೂ ಹೆಚ್ಚು, ಸಣ್ಣ ಕಾನ್ಫರೆನ್ಸಿನ ತಂಡಕ್ಕೆ 20 ಲಕ್ಷಕ್ಕೂ ಕಡಿಮೆ.

ಇಷ್ಟರಲ್ಲಿ ಆಡುವ ಹುಡುಗರ ಪಾಲೆಷ್ಟು? ಬಹಳ ಕಾಲ ಬೌಲ್ ಸಮಿತಿ ಆಟಗಾರನಿಗೆ ಕೊಡಬಹುದಾಗಿದ್ದ ಉಡುಗೊರೆಗೆ ಮಿತಿ 550 ಡಾಲರ್. ಹೋಟೆಲಿನ ಕೋಣೆಯೊಂದರಲ್ಲಿ ಹೆಡ್‌ಫೋನು, ವಾಚು, ಚೀಲ ಜೋಡಿಸಿಟ್ಟಿರುತ್ತಿದ್ದರು, ಬೇಕಾದ್ದು ಆರಿಸಿಕೊಳ್ಳಿ. ಬದಲಿಗೆ ಮೊಣಕಾಲು ಪಣಕ್ಕೆ. 2016ರ ಜನವರಿಯ ಫಿಯೆಸ್ಟಾ ಬೌಲ್‌ನಲ್ಲಿ ನೋಟರ್ ಡೇಮ್‌ನ ಜೇಲನ್ ಸ್ಮಿತ್ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಎರಡನೇ ಸುತ್ತಿಗೆ ಜಾರಿದರು. ಅದೇ ವರ್ಷದ ಕೊನೆಗೆ ಲೆನರ್ಡ್ ಫೋರ್ನೆಟ್, ಕ್ರಿಶ್ಚಿಯನ್ ಮೆಕ್ಯಾಫ್ರಿ ‘ಬೌಲ್ ಆಡುವುದಿಲ್ಲ’ ಅಂದರು. ಆಗ ಬೈದವರು ಬಹಳ, ಈಗ ಅದು ಮಾಮೂಲು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯಲ್ಲಿ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳು ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು. ಹೀಗಾಗಿ ಕಾನ್ಫರೆನ್ಸಿನಿಂದ ಬರುವ ಚೆಕ್ಕಿಗೆ ಇನ್ನೊಂದು ಕೈ ಚಾಚಿಕೊಂಡಿದೆ.

ಬೌಲ್ ಎಂಬ ಉಡುಗೊರೆಯನ್ನು ಬೇಡ ಅನ್ನುವವರೂ ಹುಟ್ಟಿಕೊಂಡಿದ್ದಾರೆ. 2024ರಲ್ಲಿ ಸನ್ ಬೆಲ್ಟ್ ಕಾನ್ಫರೆನ್ಸ್ ಗೆದ್ದ ಮಾರ್ಷಲ್, ಕೋಚ್ ಬಿಟ್ಟುಹೋಗಿ ಆಟಗಾರರೂ ಚದುರಿದ್ದರಿಂದ ಇಂಡಿಪೆಂಡೆನ್ಸ್ ಬೌಲ್‌ನಿಂದ ಹಿಂದೆ ಸರಿಯಿತು. ಐದೇ ಪಂದ್ಯ ಗೆದ್ದಿದ್ದ ಲೂಸಿಯಾನ ಟೆಕ್ ಅನ್ನು ಕರೆದು ಜಾಗ ತುಂಬಿದರು. 2025ರ ಡಿಸೆಂಬರಿನಲ್ಲಿ ಪ್ಲೇಆಫ್ ತಪ್ಪಿದ ನೋಟರ್ ಡೇಮ್ ಬೇರೆ ಬೌಲ್ ಬೇಡವೆಂದು ಮನೆಗೆ ಹೋಯಿತು. ಒಂಟಿ ಮನೆಯಾದ್ದರಿಂದ ಗದರಿಸುವ ಯಜಮಾನ ಇರಲಿಲ್ಲ. ಬಿಗ್ ಟ್ವೆಲ್ವ್‌ನ ಎರಡು ತಂಡಗಳಿಗೆ ಆ ಸ್ವಾತಂತ್ರ್ಯವಿಲ್ಲ. ಕೋಚ್ ಬದಲಾದ ಗಡಿಬಿಡಿಯಲ್ಲಿ ಅವೂ ಬೌಲ್ ಆಡುವುದಿಲ್ಲ ಅಂದಾಗ, ಕಾನ್ಫರೆನ್ಸ್ ತಲಾ 5 ಲಕ್ಷ ಡಾಲರ್ ದಂಡ ಹಾಕಿತು. ಒಂದು ಅಯೋವಾ ಸ್ಟೇಟ್. ಇನ್ನೊಂದು, ಎರಡು ವರ್ಷದ ಹಿಂದೆ ಒರ್ಲ್ಯಾಂಡೊದಲ್ಲಿ ಟೋಸ್ಟರ್‌ನಿಂದ ಬಂದ ತಿಂಡಿಯನ್ನು ಕಿತ್ತು ತಿಂದ ಕಾನ್ಸಸ್ ಸ್ಟೇಟ್.